ಸ್ಟ್ಯಾಂಡ್ ತಾಗಿದ ಕಡೆ ಗಿಟಾರ್ ಅಂಟಂಟಾಗಿದೆ, ಕಾರ್ ಪಾಲಿಶ್ ಹಾಕಬಹುದಾ?

ವಿಜಯನಗರ_ಸ್ಟ್ರಿಂಗ್ಸ್: ಚಿಕ್ಕಪ್ಪ ಅಮೆರಿಕದಿಂದ ತಂದಿದ್ದ ಹಳೆ ಗಿಬ್ಸನ್ ಅಕೂಸ್ಟಿಕ್ ಈಗ ನನ್ನ ಹತ್ರ ಇದೆ, ನೈಟ್ರೋ ಲ್ಯಾಕರ್ ಫಿನಿಶ್ (ಮರದ ಮೇಲೆ ಹಾಕುವ ವಾರ್ನಿಶ್‌ನಂಥ ಹೊಳಪಿನ ಲೇಪ). ಸ್ಟ್ಯಾಂಡಿನ ರಬ್ಬರ್ ತಾಗುವ ಜಾಗದಲ್ಲಿ ನೆಕ್ ಹಿಂಭಾಗ ಮಂಕಾಗಿ ಅಂಟಂಟಾಗಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಹೋಗುತ್ತಿಲ್ಲ. ಕಾರ್ ಪಾಲಿಶ್ ಹಾಕು ಅಂತ ಒಬ್ಬರು, ಕೊಬ್ಬರಿ ಎಣ್ಣೆ ಅಂತ ಇನ್ನೊಬ್ಬರು. ಯಾವುದು ಸರಿ?

ಮರದಹುಳ: ಎರಡೂ ಬೇಡ ಗುರು. ಅದು ಕೊಳೆಯಲ್ಲ, ಲ್ಯಾಕರ್ರೇ ಮೆತ್ತಗಾಗಿದೆ. ನೈಟ್ರೋ ಒಣಗುವುದು ಅದರೊಳಗಿನ ಥಿನ್ನರ್ ಆರಿಹೋಗಿ ಅಷ್ಟೇ, ಪಾಲಿಯೂರಿಥೇನ್ ಅನ್ನೋ ಇನ್ನೊಂದು ಬಗೆಯ ಲೇಪದ ತರಹ ರಾಸಾಯನಿಕವಾಗಿ ಗಟ್ಟಿಯಾಗುವುದಿಲ್ಲ, ಹಾಗಾಗಿ ಎಷ್ಟು ಹಳೆಯದಾದರೂ ಮತ್ತೆ ಕರಗಿಸಬಹುದು. ರಬ್ಬರು, ವಿನೈಲ್ ಮೃದುವಾಗಿರಲಿ ಅಂತ ಹಾಕಿರುವ ಪ್ಲಾಸ್ಟಿಸೈಜರ್ ಮೆಲ್ಲಗೆ ಲ್ಯಾಕರ್‌ಗೆ ಇಳಿಯುತ್ತದೆ. ಮೊದಲು ಸ್ಟ್ಯಾಂಡಿನಿಂದ ತೆಗೆದು ಕೆಲವು ವಾರ ಏನೂ ತಾಗದ ಹಾಗೆ ಬಿಡಿ, ಸ್ವಲ್ಪ ಗಟ್ಟಿಯಾದರೂ ಆಗಬಹುದು. ಕಲೆ ಮಾತ್ರ ಉಳಿಯಬಹುದು. ಕಾರ್ ಪಾಲಿಶ್‌ನಲ್ಲಿ ಸಿಲಿಕೋನ್ ಇದ್ದರೆ ಮುಂದೆ ಟಚ್‌ಅಪ್ ಮಾಡಿಸುವಾಗ ಹೊಸ ಲ್ಯಾಕರ್ ಸರಿಯಾಗಿ ಕೂರುವುದಿಲ್ಲ. ರಿಪೇರಿ ಮಾಡುವವರು ಬೈದುಕೊಳ್ಳುತ್ತಾರೆ! ಹಳೆ ನೈಟ್ರೋ ಮೇಲೆ ಹೊಸದು ಕರಗಿ ಬೆರೆಯುತ್ತದೆ, ಅದೇ ಇದರ ದೊಡ್ಡ ಅನುಕೂಲ. ಅದನ್ನು ಸುಮ್ನೆ ಯಾಕೆ ಕಳೆದುಕೊಳ್ತೀರಾ?

ಸಂಜೆ_ಬಾಲ್ಕನಿ: ಸೊಳ್ಳೆ ಕ್ರೀಮ್ ಹಚ್ಚಿಕೊಂಡು ಬಾರಿಸಲೇಬೇಡಿ. ಡೀಟ್ ಇರುವ ಕ್ರೀಮ್, ಸ್ಪ್ರೇ ಲ್ಯಾಕರನ್ನು ತಿಂದುಹಾಕುತ್ತದೆ, ಸ್ಯಾನಿಟೈಸರ್‌ನ ಆಲ್ಕೋಹಾಲ್ ಕೂಡ. ನಮ್ಮೂರಲ್ಲಿ ಸಂಜೆ ಕಿಟಕಿ ತೆಗೆದರೆ ಸೊಳ್ಳೆ ಗ್ಯಾರಂಟಿ, ಫ್ಯಾನ್ ಜೋರಾಗಿ ಹಾಕಿಕೊಳ್ಳಿ. ಬೆವರಿದ್ದರೆ ಬಾರಿಸಿ ಮುಗಿದ ಮೇಲೆ ಹಳೇ ಕಾಟನ್ ಪಂಚೆ ತುಂಡಿನಲ್ಲಿ ಒರೆಸಿದರೆ ಸಾಕು.

ಹೊಸಬ: ಇದು ಚನ್ನಪಟ್ಟಣದ ಗೊಂಬೆಗೆ ಹಾಕುವ ಅರಗೇ ಅಲ್ವಾ?

ಮರದಹುಳ: ಅಲ್ಲ. ಅರಗು ಬರುವುದು ಹುಳದಿಂದ. ನೈಟ್ರೋ ಮಾಡುವುದು ಹತ್ತಿ ಅಥವಾ ಮರದ ಸೆಲ್ಯುಲೋಸ್‌ನಿಂದ. ಕೈಯಿಂದ ಮಾಡಿದ ಎಷ್ಟೋ ಕ್ಲಾಸಿಕಲ್ ಗಿಟಾರ್‌ಗಳಿಗೆ ಅರಗಿನ ಫ್ರೆಂಚ್ ಪಾಲಿಶ್ ಇರುತ್ತದೆ, ಅದು ಇನ್ನೂ ನಾಜೂಕು.

ಜಯನಗರ_ಜ್ಯಾಮ್: ಬಿಸಿಲಲ್ಲಿ ನಿಲ್ಲಿಸಿದ ಕಾರಿನಿಂದ ಸೀದಾ ಎಸಿ ರೂಮಿಗೆ ತಂದು ಕೇಸ್ ತೆರೆಯಬೇಡಿ. ಮರ, ಲ್ಯಾಕರ್ ಒಂದೇ ವೇಗದಲ್ಲಿ ಕುಗ್ಗುವುದಿಲ್ಲ, ಕೂದಲೆಳೆಯಂಥ ಬಿರುಕು ಬರುತ್ತದೆ. ಮುಚ್ಚಿದ ಕೇಸಿನಲ್ಲೇ ಸ್ವಲ್ಪ ಹೊತ್ತು ತಣ್ಣಗಾಗಲಿ. ಫೆಬ್ರವರಿ-ಮಾರ್ಚ್‌ನಲ್ಲಿ ಇಲ್ಲಿ ಗಾಳಿ ಜಾಸ್ತಿ ಒಣಗಿರುತ್ತದೆ, ಕೇಸ್ ಒಳಗೆ ತೇವಾಂಶ 45–55% ಇರಲಿ. ಅದು ಲ್ಯಾಕರ್‌ಗಿಂತ ಮರಕ್ಕೇ ಮುಖ್ಯ.

ವಿಜಯನಗರ_ಸ್ಟ್ರಿಂಗ್ಸ್: ಕೇಸಿಗೆ ಹಾಕಿದೆ. ಸ್ಟ್ರ್ಯಾಪ್ ಜೊತೆಗೇ ಇಡಬಹುದಾ?

ಮರದಹುಳ: ವಿನೈಲ್ ಸ್ಟ್ರ್ಯಾಪ್ ಆದರೆ ಬಿಚ್ಚಿ ಹೊರಗಿಡಿ, ಅದೂ ರಬ್ಬರ್ ಮಾಡಿದ್ದನ್ನೇ ಮಾಡುತ್ತದೆ.