ಎಂ 51 ಸಿಕ್ಕಿತು, ಸುರುಳಿ ಎಲ್ಲಿ ಮೇಡಂ?

ಪ್ರಶ್ನೆ (ಮಧುಗಿರಿಯಿಂದ): ನಮಸ್ಕಾರ ಮೇಡಂ. ಮೊನ್ನೆ ರಾತ್ರಿ ತೋಟದಲ್ಲಿ ಆರು ಇಂಚಿನ ಟೆಲಿಸ್ಕೋಪ್ ಇಟ್ಟು ಎಂ 51 ಗೆಲಾಕ್ಸಿ ಹುಡುಕಿದೆ. ಸಪ್ತರ್ಷಿ ಮಂಡಲದ ಬಾಲದ ತುದಿಯ ಮರೀಚಿಯಿಂದ ಸ್ವಲ್ಪ ಆಚೆಗೆ ಸಿಕ್ಕಿತು. ಫೋಟೋದಲ್ಲಿ ಎಂಥ ಸುರುಳಿ! ನನಗೆ ಕಂಡಿದ್ದು ಹೊಗೆಯಂಥ ಎರಡು ಮಚ್ಚೆ. ಅಮ್ಮ ಇಣುಕಿ ನೋಡಿ "ಕನ್ನಡಿ ಒರೆಸೋ" ಅಂದರು. ನಾನು ನೋಡಿದ್ದು ಅದೇನಾ? ಇದನ್ನು ವಿಚಿತ್ರ ಗೆಲಾಕ್ಸಿಗಳ ಪಟ್ಟಿಗೆ ಸೇರಿಸಿದ್ದಾರಂತೆ, ಯಾಕೆ?

ಉತ್ತರ: ಎರಡು ಮಚ್ಚೆ ಕಂಡಿತು ಅಂದ ಮೇಲೆ ಅದೇ. ದೊಡ್ಡದು ಎಂ 51, ಚಿಕ್ಕದು ಅದರ ಜೊತೆಗಾರ ಎನ್‌ಜಿಸಿ 5195. ಬೇಜಾರು ಬೇಡ, 1773ರಲ್ಲಿ ಇದನ್ನು ಕಂಡುಹಿಡಿದ ಫ್ರೆಂಚ್ ಖಗೋಳಜ್ಞ ಮೆಸಿಯೇಗೂ (ಎಂ ಅಂದರೆ ಅವರ ಪಟ್ಟಿಯ ನಂಬರು) ಸುರುಳಿ ಕಾಣಲಿಲ್ಲ. 1845ರಲ್ಲಿ ಐರ್ಲೆಂಡ್‌ನ ಲಾರ್ಡ್ ರಾಸ್ 72 ಇಂಚಿನ ಕನ್ನಡಿ ಹಾಕಿ ನೋಡಿದಾಗಲೇ ಅದು ಗೊತ್ತಾಗಿದ್ದು. ಆಮೇಲೆ, ನಾವು ನೋಡುತ್ತಿರುವುದು ಸುಮಾರು 3 ಕೋಟಿ ವರ್ಷ ಹಳೆಯ ಬೆಳಕನ್ನು. ಅಷ್ಟು ದೂರದ್ದು ಮಬ್ಬಾಗಿರದೆ ಇನ್ನೇನು?

ವಿಚಿತ್ರ ಅನ್ನುವುದು ಆ ಜೊತೆಗಾರನಿಂದ. ಖಗೋಳಜ್ಞ ಹಾಲ್ಟನ್ ಆರ್ಪ್ 1966ರಲ್ಲಿ 338 ವಿಚಿತ್ರ ಗೆಲಾಕ್ಸಿಗಳ ಪಟ್ಟಿ ಮಾಡಿದರು, ಇದು ಅದರಲ್ಲಿ 85ನೆಯದು. ಸುರುಳಿಯ ತೋಳಿನ ತುದಿಯಲ್ಲಿ ಇನ್ನೊಂದು ಗೆಲಾಕ್ಸಿ ನೇತುಹಾಕಿದ ಹಾಗಿದೆ, ಅಲ್ವಾ? ನಿಜವಾಗಿ ಅದು ಹಿಂದೆ ಇದೆ. ಒಳ್ಳೆಯ ಫೋಟೋ ತೆಗೆದು ಚಿಕ್ಕದರ ಮೇಲಿನ ಕಪ್ಪು ಗೆರೆಗಳನ್ನು ನೋಡಿ. ಅವು ಎಂ 51ರ ತೋಳಿನ ಧೂಳು. ದೀಪದ ಮುಂದೆ ಕಿಟಕಿ ಸರಳು ಬಂದ ಹಾಗೆ ಹಿಂದಿನ ಬೆಳಕಿಗೆ ಅಡ್ಡ ಬಂದಿದೆ. ನನಗೆ ಈ ಗೆಲಾಕ್ಸಿಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಜಾಗ ಅದೇ.

ಚಿಕ್ಕದು ಹತ್ತಿರ ಹಾದುಹೋಗುವಾಗ ದೊಡ್ಡದನ್ನು ಎಳೆದಿದೆ. ನಮ್ಮ ಸಮುದ್ರದ ಉಬ್ಬರಕ್ಕೆ ಚಂದ್ರ ಕಾರಣವಾದಂತೆಯೇ. ವಿಜ್ಞಾನಿಗಳಾದ ಟೂಮ್ರೆ ಅಣ್ಣತಮ್ಮಂದಿರು 1972ರಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಇಂಥ ಎಳೆತದಿಂದಲೇ ಗೆಲಾಕ್ಸಿಗಳ ನಡುವೆ ಸೇತುವೆಯಂಥ ಪಟ್ಟಿ, ಉದ್ದನೆಯ ಬಾಲ ಎಲ್ಲ ಮೂಡುತ್ತವೆ ಎಂದು ತೋರಿಸಿದರು. ತೋಳುಗಳಲ್ಲಿ ಗ್ಯಾಸ್ ಒತ್ತಿಕೊಂಡು ಹೊಸ ನಕ್ಷತ್ರಗಳು ಜಾಸ್ತಿ ಹುಟ್ಟುತ್ತಿವೆ. ಭಾರಿ ನಕ್ಷತ್ರಗಳು ಬೇಗ ಸಿಡಿದೂ ಹೋಗುತ್ತವೆ: 1994, 2005, 2011ರಲ್ಲಿ ಇಂಥ ಮೂರು ಸ್ಫೋಟ (ಸೂಪರ್ನೋವಾ) ಕಂಡವು.

ಪ್ರಶ್ನೆ (ಗೌರಿಬಿದನೂರಿನಿಂದ): ನಮ್ಮೂರಿನ, ಆಕಾಶದ ರೇಡಿಯೋ ಅಲೆ ಹಿಡಿಯುವ ಆಂಟೆನಾಗಳಿಗೆ ಈ ಸುರುಳಿ ಕಾಣುತ್ತದಾ ಮೇಡಂ?

ಉತ್ತರ: ಇಲ್ಲ. ಅಲ್ಲಿನ ಟಿ ಆಕಾರದ ಹಳೆಯ ಆಂಟೆನಾ ಸಾಲು 34.5 ಮೆಗಾಹರ್ಟ್ಸ್‌ನದು, ಅಲೆಯ ಉದ್ದ ಸುಮಾರು 8.7 ಮೀಟರ್. ಅದು ಬಿಡಿಸಿ ನೋಡಬಲ್ಲ ಅತಿ ಸಣ್ಣ ಚುಕ್ಕೆಯೇ ಹೆಚ್ಚುಕಮ್ಮಿ ಹುಣ್ಣಿಮೆ ಚಂದ್ರನಷ್ಟು. ಎಂ 51 ಅದರ ಮೂರನೇ ಒಂದು ಭಾಗ. ಸುರುಳಿ ಎಲ್ಲಿಂದ ಬರಬೇಕು?

ಮಧುಗಿರಿಯವರೇ, ಮುಂದಿನ ಸಲ ಚಂದ್ರನಿಲ್ಲದ ರಾತ್ರಿ ನೋಡಿ. ಅರ್ಧ ಗಂಟೆ ಮೊಬೈಲ್ ಮುಟ್ಟಬೇಡಿ. ಆಮೇಲೆ ಓರೆಗಣ್ಣಿನಲ್ಲಿ ನೋಡಿ, ಮಚ್ಚೆ ಸ್ವಲ್ಪ ಅಗಲವಾಗುತ್ತದೆ. ಸುಮ್ನೆ ಕನ್ನಡಿ ಮಾತ್ರ ಒರೆಸಬೇಡಿ, ಅಲ್ಯೂಮಿನಿಯಂ ಲೇಪಕ್ಕೆ ಗೀರು ಬೀಳುತ್ತದೆ.

ಮಧುಗಿರಿಯಿಂದ: ಸದ್ಯ ಹೇಳಿದಿರಿ ಮೇಡಂ. ಅಮ್ಮ ಆಗಲೇ ಸೆರಗು ಹಿಡಿದು ನಿಂತಿದ್ದರು!