ಅಪ್‌ಡೇಟ್: ಮಗನ ಕಣ್ಣು ಪಿಳುಕಿಸುವಿಕೆ
ಹೋದ ತಿಂಗಳು ಕೇಳಿದ್ದೆನಲ್ಲ, 7 ವರ್ಷದ ಮಗ ಪದೇ ಪದೇ ಕಣ್ಣು ಪಿಳುಕಿಸುತ್ತಾನೆ, ಮೂಗು ಸೊಟ್ಟ ಮಾಡುತ್ತಾನೆ ಅಂತ. ಮಂಡ್ಯದಲ್ಲಿ ಕಣ್ಣು ತೋರಿಸಿದೆವು, ಅಲರ್ಜಿ ಇಲ್ಲ, ಕನ್ನಡಕವೂ ಬೇಡ. ಆಮೇಲೆ ಮೈಸೂರಿನ ಮಕ್ಕಳ ಡಾಕ್ಟರು ನೋಡಿ ‘ಟಿಕ್’ ಅಂದರು. ಬೇಕಂತ ಮಾಡುವುದಲ್ಲ. ಸೀನು ಬಂದ ಹಾಗೆ, ಸ್ವಲ್ಪ ಹೊತ್ತು ತಡೆಯಬಹುದು ಅಷ್ಟೆ. ಈ ವಯಸ್ಸಿನಲ್ಲಿ ಶುರುವಾಗುವುದು ಜಾಸ್ತಿಯಂತೆ, ವಂಶದಲ್ಲೂ ಬರಬಹುದಂತೆ. ನಿದ್ದೆಗೆಟ್ಟರೆ, ಗಾಬರಿಯಾದರೆ ಹೆಚ್ಚುತ್ತದೆ. ವರ್ಷ ದಾಟಿದರೆ, ಗಂಟಲಿನ ಸದ್ದೂ ಸೇರಿಕೊಂಡರೆ ಮತ್ತೆ ಬನ್ನಿ ಅಂದರು.

ನಮ್ಮತ್ತೆ ದೃಷ್ಟಿ ಅಂತ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಆ ಘಾಟಿಗೆ ಮನೆಯವರೆಲ್ಲ ಕಣ್ಣು ಪಿಳುಕಿಸಿದೆವು!

‘ಹಾಗೆ ಮಾಡಬೇಡ’ ಅನ್ನುವುದನ್ನು ಈಗ ಬಿಟ್ಟಿದ್ದೇವೆ. ನಿನ್ನೆ ಲೆಕ್ಕದ ಟೆಸ್ಟಿಗೆ ಮುಂಚೆ ಜೋರಾಗಿತ್ತು. ಸಂಜೆ ಗಾಳಿಪಟ ಹಾರಿಸುವಾಗ ಒಂದು ಸಲವೂ ಇಲ್ಲ.