ದೂರ ಸಂವೇದಿ ಪಾಠಕ್ಕೆ ವಿಡಿಯೊ: ಬಳಸಿದವರ ಅನುಭವಗಳು

ಕೋರಿಕೆ: ಕನ್ನಡ ಮಾಧ್ಯಮದ ಪದವಿ ವಿದ್ಯಾರ್ಥಿಗಳಿಗೆ ಭೂಗೋಳಶಾಸ್ತ್ರದ ದೂರ ಸಂವೇದಿ (ರಿಮೋಟ್ ಸೆನ್ಸಿಂಗ್, ಅಂದರೆ ಉಪಗ್ರಹ ಚಿತ್ರಗಳಿಂದ ಭೂಮಿಯನ್ನು ಅರಿಯುವ) ಪತ್ರಿಕೆಯನ್ನು ಈ ವರ್ಷದಿಂದ ಬೋಧಿಸಬೇಕಾಗಿದೆ. ನಮ್ಮಲ್ಲಿ ಕಂಪ್ಯೂಟರ್‌ಗಳು ಕಡಿಮೆಯಿರುವುದರಿಂದ ವಿಡಿಯೊಗಳ ನೆರವು ಪಡೆಯುವ ಯೋಚನೆಯಿದೆ. ಎಂತಹ ವಿಡಿಯೊಗಳು ಪ್ರಯೋಜನಕಾರಿ, ಅವುಗಳನ್ನು ತರಗತಿಯಲ್ಲಿ ಹೇಗೆ ಬಳಸಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಭೂಗೋಳಶಾಸ್ತ್ರ ಉಪನ್ಯಾಸಕರೊಬ್ಬರು:

ಮೇಡಂ, ನಾನೂ ಇದೇ ಪತ್ರಿಕೆಯನ್ನು ಬೋಧಿಸುತ್ತೇನೆ. ಉಪಗ್ರಹವು ಧ್ರುವದಿಂದ ಧ್ರುವಕ್ಕೆ ಸುತ್ತುತ್ತಿರುವಾಗ ಕೆಳಗೆ ಭೂಮಿಯೂ ತಿರುಗುವುದರಿಂದ ಪ್ರತಿ ಸುತ್ತಿನಲ್ಲೂ ಬೇರೊಂದು ಪಟ್ಟಿ ಅದರ ದೃಷ್ಟಿಗೆ ಬೀಳುತ್ತದೆ ಎಂಬುದನ್ನೂ, 185 ಕಿ.ಮೀ. ಅಗಲದ ಪಟ್ಟಿಯನ್ನು ನೋಡುವ ಲ್ಯಾಂಡ್‌ಸ್ಯಾಟ್ 8 ಅದೇ ಜಾಗಕ್ಕೆ ಮರಳಲು 16 ದಿನ ಏಕೆ ಬೇಕು ಎಂಬುದನ್ನೂ ಕಪ್ಪುಹಲಗೆಯ ಮೇಲೆ ಬಿಡಿಸಿ ತಿಳಿಸುವುದು ಬಹಳ ಕಷ್ಟ. ಅಲ್ಲಿ ಎರಡು ನಿಮಿಷದ ಚಲನಚಿತ್ರಣವೇ ಸಾಕು.

ಆದರೆ ಚಿತ್ರವನ್ನು ಓದುವ ಕೌಶಲ ಓಡುವ ವಿಡಿಯೊದಿಂದ ಬರುವುದಿಲ್ಲ. ಇದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನು ಅಂತರಗಂಗೆ ಕಳೆ ಆವರಿಸಿದ್ದ ಕಾಲದ ಫಾಲ್ಸ್ ಕಲರ್ (ನಿಜಬಣ್ಣವಲ್ಲದ) ಚಿತ್ರವನ್ನು ತೆಗೆದುಕೊಳ್ಳಿ. ಸಸ್ಯಗಳು ಹೆಚ್ಚಾಗಿ ಪ್ರತಿಫಲಿಸುವ, ಕಣ್ಣಿಗೆ ಕಾಣದ ಅವಗೆಂಪು (ಇನ್ಫ್ರಾರೆಡ್) ಬೆಳಕಿನ ಬ್ಯಾಂಡನ್ನು ಕೆಂಪು ಬಣ್ಣದಲ್ಲಿ ತೋರಿಸುವುದರಿಂದ ಸಸ್ಯವೆಲ್ಲ ಕೆಂಪಾಗಿಯೂ ತಿಳಿನೀರು ಬಹುತೇಕ ಕಪ್ಪಾಗಿಯೂ ಕಾಣುತ್ತದೆ. ಹಾಗಾಗಿ ಕೆರೆ ಇರಬೇಕಾದ ಕಡೆ ಕಡುಗೆಂಪು ಕಂಡ ವಿದ್ಯಾರ್ಥಿಗಳು ಅದನ್ನು ತೋಟವೆಂದೋ ಗದ್ದೆಯೆಂದೋ ಬರೆಯುತ್ತಾರೆ. ಧ್ವನಿಯಿಲ್ಲದೆ ವಿಡಿಯೊವನ್ನು ಆ ಚಿತ್ರದ ಬಳಿ ನಿಲ್ಲಿಸಿ, ಪ್ರತಿಯೊಬ್ಬರೂ ತಮಗೆ ಕಂಡದ್ದನ್ನೂ ಹಾಗೆ ಅನ್ನಿಸಿದ್ದಕ್ಕೆ ಕಾರಣವನ್ನೂ ಬರೆದ ನಂತರವೇ ವಿವರಣೆಯನ್ನು ಕೇಳಿಸಿ. ವಿವರಣೆ ಮೊದಲೇ ಕಿವಿಗೆ ಬಿದ್ದರೆ ಯಾರೂ ಚಿತ್ರವನ್ನು ನೋಡುವುದಿಲ್ಲ.

ಗೂಗಲ್ ಅರ್ಥ್‌ನ ಟೈಮ್‌ಲ್ಯಾಪ್ಸ್ ಬಗ್ಗೆ ಒಂದು ಎಚ್ಚರಿಕೆ. 1984ರಿಂದ ಬೆಂಗಳೂರು ಬೆಳೆದ ಬಗೆಯನ್ನು ತೋರಿಸಲು ಅದು ಅತ್ಯುತ್ತಮ ಸಾಧನ. ಆದರೆ ಅದರಲ್ಲಿ ವರ್ಷಕ್ಕೊಂದರಂತೆ ಬರುವ ಚಿತ್ರವು ಒಂದು ದಿನ ತೆಗೆದದ್ದಲ್ಲ, ಹಲವು ದಿನಗಳ ಮೋಡರಹಿತ ಭಾಗಗಳನ್ನು ಸೇರಿಸಿ ರೂಪಿಸಿದ್ದು. ಮಳೆಗಾಲದ ಕೊನೆಗೆ ತುಂಬಿ ಬೇಸಿಗೆಯಲ್ಲಿ ಇಳಿಯುವ ತುಂಗಭದ್ರಾ ಜಲಾಶಯದ ನೀರಿನ ಏರಿಳಿತವನ್ನು ಅದರಿಂದ ಅಳೆಯಲು ಹೊರಟರೆ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಅದಕ್ಕೆ ದಿನಾಂಕ ನಮೂದಾಗಿರುವ ಎರಡು ಸೆಂಟಿನೆಲ್-2 ಉಪಗ್ರಹ ಚಿತ್ರಗಳನ್ನು, ಅಕ್ಟೋಬರ್‌ನದೊಂದು ಮತ್ತು ಮೇ ತಿಂಗಳದೊಂದು, ಅಕ್ಕಪಕ್ಕ ಇಟ್ಟು ತೋರಿಸುವುದೇ ಸರಿ.

ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು:

ನಾನು ಕಲಿತದ್ದು ಹೆಚ್ಚಾಗಿ ವಿಡಿಯೊಗಳಿಂದಲೇ. ಡೆಹ್ರಾಡೂನ್‌ನ ಭಾರತೀಯ ದೂರ ಸಂವೇದಿ ಸಂಸ್ಥೆಯು 2007ರಿಂದ ದೂರಶಿಕ್ಷಣದ ನೇರಪಾಠಗಳನ್ನು ನಡೆಸುತ್ತಿದೆ; ವಿಷಯದ ಶುದ್ಧತೆಯಲ್ಲಿ ಅವುಗಳ ಮೇಲೆ ನನಗೆ ಪೂರ್ಣ ವಿಶ್ವಾಸವಿದೆ. ಇಂಗ್ಲಿಷಿನ ದೀರ್ಘ ಉಪನ್ಯಾಸವನ್ನು ಒಂದೇ ಉಸಿರಿಗೆ ಕೇಳುವ ಬದಲು, ಒಂದು ಪರಿಕಲ್ಪನೆ ಮುಗಿದೊಡನೆ ನಿಲ್ಲಿಸಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಸಸ್ಯ ಸೂಚ್ಯಂಕದ (ಹಸಿರು ಎಷ್ಟಿದೆ ಎಂಬುದನ್ನು ತೋರಿಸುವ ಸಂಖ್ಯೆಯ) ಪಾಠ ಬಂದಾಗ ಕಾಗದದ ಮೇಲೆ ಲೆಕ್ಕ ಮಾಡಿದ್ದರಿಂದ ಬಹಳ ಅನುಕೂಲವಾಯಿತು: ಹಸಿರು ಬೆಳೆಯ ಪ್ರತಿಫಲನ ಅವಗೆಂಪಿನಲ್ಲಿ 0.45, ಕೆಂಪಿನಲ್ಲಿ 0.05 ಎಂದಿಟ್ಟುಕೊಂಡರೆ, ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದಾಗ 0.8 ಬರುತ್ತದೆ, ಒಣಮಣ್ಣಿಗೆ 0.30 ಮತ್ತು 0.25 ಎಂದಿಟ್ಟುಕೊಂಡರೆ ಬರುವುದು ಸುಮಾರು 0.09.

ಕಂಪ್ಯೂಟರ್ ಕಡಿಮೆಯಿದ್ದಲ್ಲಿ ಇಬ್ಬರಿಗೊಂದು ಕೊಡಿ. ಒಬ್ಬರು ಮೊಬೈಲ್‌ನಲ್ಲಿ ವಿಡಿಯೊ ನೋಡುತ್ತಾ ಮುಂದಿನ ಹೆಜ್ಜೆಯನ್ನು ಹೇಳಲಿ, ಇನ್ನೊಬ್ಬರು ಮಾಡಲಿ, ನಂತರ ಜಾಗ ಬದಲಿಸಿಕೊಳ್ಳಲಿ. ಬಾಯಲ್ಲಿ ಹೇಳಬೇಕಾಗಿ ಬಂದಾಗ ಅರ್ಥವಾಗದಿರುವುದು ತಕ್ಷಣ ಗೊತ್ತಾಗುತ್ತದೆ.

ಜಿಐಎಸ್ (ಕಂಪ್ಯೂಟರ್ ಆಧಾರಿತ ಭೂಮಾಹಿತಿ ವ್ಯವಸ್ಥೆ) ಉದ್ಯೋಗಿಯೊಬ್ಬರು:

ಕನ್ನಡದಲ್ಲಿ ಸ್ವಂತ ವಿಡಿಯೊ ಮಾಡುವುದಾದರೆ, ಪರಿಕಲ್ಪನೆಯ ಪಾಠವನ್ನೂ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶವನ್ನು ಬಳಸುವ ಪಾಠವನ್ನೂ ಒಂದೇ ವಿಡಿಯೊದಲ್ಲಿ ಬೆರೆಸಬೇಡಿ ಎಂದು ವಿನಂತಿಸುತ್ತೇನೆ. ತಂತ್ರಾಂಶದ ಆವೃತ್ತಿ ಬದಲಾದಂತೆ ಮೆನುಗಳ ಜಾಗವೂ ಬದಲಾಗುತ್ತದೆ, ಆಗ ಎರಡನೆಯದನ್ನು ಮಾತ್ರ ಮತ್ತೆ ಮಾಡಿದರೆ ಸಾಕಾಗುತ್ತದೆ. ಪರದೆಯ ಅಕ್ಷರಗಳನ್ನು ಮೊಬೈಲ್‌ನಲ್ಲೂ ಓದುವಷ್ಟು ದೊಡ್ಡದಾಗಿಸಿ. ಇನ್ನೊಂದು ವಿಷಯವೆಂದರೆ, ಕಡತದ ಗಾತ್ರ ಇಳಿಸಲು ವಿಡಿಯೊವನ್ನು ಸಂಕುಚಿಸುವಾಗ ಬಣ್ಣದ ಸೂಕ್ಷ್ಮ ಭೇದಗಳು ಮೊದಲು ಅಳಿಸಿಹೋಗುತ್ತವೆ. ಅಡಿಕೆ ತೋಟ ಮತ್ತು ಪಕ್ಕದ ಕಾಡಿನ ನಡುವಿನ ವ್ಯತ್ಯಾಸ ಅಂತಹದ್ದು. ಆದ್ದರಿಂದ ವಿಡಿಯೊದ ಜೊತೆಗೆ ಮೂಲ ಚಿತ್ರದಿಂದ ನಿಮ್ಮ ತಾಲ್ಲೂಕಿನಷ್ಟು ಭಾಗವನ್ನು ಕತ್ತರಿಸಿ ಪೆನ್‌ಡ್ರೈವ್‌ನಲ್ಲಿ ಕೊಡಿ. ವರ್ಗೀಕರಣದ (ಯಾವ ಭಾಗ ಕಾಡು, ಯಾವುದು ತೋಟ ಎಂದು ವಿಂಗಡಿಸುವ) ಅಭ್ಯಾಸವನ್ನು ಅದರ ಮೇಲೆಯೇ ಮಾಡಿಸಿ.